ಲಲಿತಮಹಲಿನ ಕಾಫಿ

ಮೈಸೂರಿನ ಲಲಿತಮಹಲನ್ನು ದೂರದಿಂದಲಾದರೂ ನೋಡದ ಕನ್ನಡಿಗರು ವಿರಳ. ಚಾಮುಂಡಿಬೆಟ್ಟದ ಮೇಲೆ ನಿಂತಾಗ ಯಾರಾದರೊಬ್ಬರು ಬೆರಳು ಚಾಚಿ, ಅಗೋ ಆ ಬಿಳಿಯ ಕಟ್ಟಡ, ಎಂದು ತೋರಿಸಿಯೇ ಇರುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯರ ಬಿಡಾರಕ್ಕೆಂದು ಕಟ್ಟಿಸಿದ ಆ ಅರಮನೆಗೆ 1921ರಲ್ಲಿ ಶಂಕುಸ್ಥಾಪನೆಯಾಯಿತು. 1974ರಲ್ಲಿ ಅದು ಹೋಟೆಲಾಯಿತು. ವೈಸ್‌ರಾಯರು ಇಳಿದುಕೊಳ್ಳುತ್ತಿದ್ದಲ್ಲಿ ಹಣವುಳ್ಳ ಯಾರಾದರೂ ಇಳಿದುಕೊಳ್ಳಬಹುದೆಂದಾಯಿತು. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಆಕೆ ಅಲ್ಲಿದ್ದಳು.

ಮೊದಲನೆಯದು 2008ರಲ್ಲಿ. ನಾವಿಬ್ಬರೂ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆವು. ಸಂಜೆಯ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅದೆಷ್ಟು ಸಲ ನಡೆದೆವೋ ಲೆಕ್ಕವಿಲ್ಲ. ಪಂಪನಿಂದ ಹಿಡಿದು ಹಾಸ್ಟೆಲಿನ ಸಾರಿನವರೆಗೆ ಎಲ್ಲವನ್ನೂ ಮಾತನಾಡಿದೆವು. ಆಡಬೇಕಾದ ಒಂದು ಮಾತನ್ನು ಬಿಟ್ಟು. ಆಕೆಯ ತಂದೆ ಬೆಂಗಳೂರಿನಲ್ಲಿ ಅಧಿಕಾರಿ. ನನ್ನ ತಂದೆಗೆ ನಾಗಮಂಗಲದ ಕಡೆ ಎರಡೆಕರೆ ರಾಗಿಯ ಹೊಲ. ಈ ಅಂತರವನ್ನು ಆಕೆಗೆ ಆಗಾಗ ಜ್ಞಾಪಿಸುವುದರಲ್ಲಿ ನನಗೆ ಒಂದು ಬಗೆಯ ಸುಖವಿತ್ತೆಂದು ಈಗ ತೋರುತ್ತದೆ.

ಕೊನೆಯ ಪರೀಕ್ಷೆ ಮುಗಿದ ದಿನ, "ಒಮ್ಮೆಯಾದರೂ ಅರಮನೆಯಲ್ಲಿ ಕಾಫಿ ಕುಡಿಯೋಣ" ಎಂದಳು. "ಆಗಲಿ, ಅಲ್ಲಿ ನಿನಗೆ ಹೇಳುವುದೂ ಒಂದಿದೆ" ಎಂದು ನಾನೂ ಧೈರ್ಯ ತಂದುಕೊಂಡು ನುಡಿದೆ. ಸಿಟಿ ಬಸ್ಸಿನಲ್ಲಿ ಹೋದೆವು. ಹಿಂದೆ ನರ್ತನಶಾಲೆಯಾಗಿದ್ದ ಊಟದ ಹಜಾರದಲ್ಲಿ ನಮ್ಮನ್ನು ಕೂರಿಸಿದರು. ನೆತ್ತಿಯ ಮೇಲೆ ಬಣ್ಣದ ಗಾಜಿನ ಗುಮ್ಮಟಗಳು. ಅವುಗಳಿಂದ ಸೋಸಿ ಬಂದ ಬೆಳಕು ಆಕೆಯ ಹತ್ತಿಯ ಸೀರೆಯ ಮೇಲೆ ಬಿದ್ದಿತ್ತು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದ್ದುದು ನೆನಪಾಗಿ ಕಾಲನ್ನು ಮೇಜಿನ ಕೆಳಗೆ ಎಳೆದುಕೊಂಡೆ. ಕಾಫಿ ಬಂತು. ಎಲ್ಲಿಂದ ತೊಡಗಬೇಕೆಂದು ನಾನು ಪದಗಳನ್ನು ಹೊಂದಿಸಿಕೊಳ್ಳುತ್ತಿರುವಷ್ಟರಲ್ಲಿ ಬಿಲ್ಲೂ ಬಂತು. ಜೇಬಿಗೆ ಹೋದ ಕೈ ಅಲ್ಲಿಯೇ ನಿಂತಿತು. ನನ್ನಲ್ಲಿದ್ದುದು ನೂರು ರೂಪಾಯಿಯ ಒಂದೇ ನೋಟು, ಅದು ಸಾಲದು. ಆಕೆ ಮುಗುಳ್ನಕ್ಕು, ಸದ್ದಿಲ್ಲದೆ ಚೀಲದಿಂದ ಹಣ ತೆಗೆದಿಟ್ಟಳು.

ಆ ನಗೆಯನ್ನು ನಾನು ಕ್ಷಮಿಸಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಊರಿಗೆ ಹೋದ ಮೇಲೆ ಆಕೆ ಎರಡು ಕಾಗದ ಬರೆದಳು. ನಾನು ಉತ್ತರಿಸಲಿಲ್ಲ.

ವಿಪ್ರಲಂಭ ಶೃಂಗಾರಕ್ಕೆ ಪೂರ್ವರಾಗ, ಮಾನ, ಪ್ರವಾಸ, ಕರುಣವೆಂದು ನಾಲ್ಕು ಬಗೆಗಳನ್ನು ಹೇಳುತ್ತಾರೆ. ಪ್ರತಿ ವರ್ಷವೂ ಇದನ್ನು ತರಗತಿಯಲ್ಲಿ ಪಾಠ ಮಾಡುವುದು ನನ್ನ ವೃತ್ತಿ. ಶಾಸ್ತ್ರದ ಮಾನವೆಂದರೆ ಪ್ರಣಯದ ಮುನಿಸು, ಓಲೈಸಿದರೆ ಇಳಿಯುವಂಥದು. ನನ್ನದು ಹಾಗಲ್ಲ, ನಮ್ಮ ಊರ ಕಡೆ ಮಾನ-ಮರ್ಯಾದೆ ಎನ್ನುತ್ತಾರಲ್ಲ, ಆ ಮಾನ. ಅದಕ್ಕೆ ಲಕ್ಷಣಗ್ರಂಥದಲ್ಲಿ ಎಡೆಯಿಲ್ಲ.

ಎರಡನೆಯ ಸಲ ಹೋದದ್ದು 2019ರಲ್ಲಿ, ನಮ್ಮ ಕಾಲೇಜಿನ ಆಡಳಿತ ಮಂಡಳಿಯವರೊಬ್ಬರ ಮಗಳ ಆರತಕ್ಷತೆಗೆ. ಹುಲ್ಲುಹಾಸಿನ ತುಂಬ ದೀಪಗಳು, ರೇಷ್ಮೆ, ಮಲ್ಲಿಗೆ. ಉಡುಗೊರೆಯ ಲಕೋಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ತಿರುಗುವ ಮೊದಲೇ ಯಾರೆಂದು ತಿಳಿಯಿತು.

ಕೂದಲಲ್ಲಿ ಒಂದೆರಡು ಬೆಳ್ಳಿಯ ಎಳೆ, ಕೈಹಿಡಿದ ಐದು ವರ್ಷದ ಮಗಳು. ಗಂಡ ಎಲ್ಲಿಯೋ ವರನ ಕಡೆಯವರೊಡನೆ ಮಾತಿನಲ್ಲಿದ್ದರು. ಕುಶಲ ಪ್ರಶ್ನೆಗಳು ಬೇಗ ಮುಗಿದವು.

"ಇಲ್ಲಿ ಕಾಫಿ ಕುಡಿದಿದ್ದೆವು, ನೆನಪಿದೆಯೆ ನಿಮಗೆ?" ಎಂದಳು. ಕೆರೆಯ ಏರಿಯ ಮೇಲೆ ನಾನು 'ನೀನು' ಆಗಿದ್ದೆ.

"ಅದರ ಋಣ ಹಾಗೆಯೇ ಉಳಿದಿದೆ" ಎಂದೆ. ಹಗುರವಾಗಿ ಹೇಳಬೇಕೆಂದಿದ್ದ ಮಾತು ಹಗುರವಾಗಿ ಬರಲಿಲ್ಲ.

ಆಕೆ ಮನಸಾರೆ ನಕ್ಕಳು. "ಋಣವೆ! ಅದು ನನ್ನ ದುಡ್ಡಾಗಿದ್ದರಲ್ಲವೆ? ಆ ವರ್ಷ ಅಪ್ಪ ಅಮಾನತಿನಲ್ಲಿದ್ದರು. ಪಕ್ಕದ ಕೋಣೆಯವಳ ಹತ್ತಿರ ಸಾಲ ಮಾಡಿ ತಂದಿದ್ದೆ. ಬಿಲ್ಲು ನೋಡಿ ನನಗೇ ಎದೆ ಡವಡವ ಎಂದಿತು, ಅದಕ್ಕೇ ನಕ್ಕುಬಿಟ್ಟೆ. ಊರಿಗೆ ಹೋಗಲು ಬಸ್ಸಿನ ಚಾರ್ಜಿಗೆ ಮರುದಿನ ಇನ್ನೊಬ್ಬಳ ಮುಂದೆ ಕೈಚಾಚಿದೆ. ಕಾಗದದಲ್ಲಿ ಎಲ್ಲ ಬರೆದಿದ್ದೆನಲ್ಲ."

ಆ ಕಾಗದಗಳನ್ನು ನಾನು ಒಡೆದಿರಲಿಲ್ಲ. ಎರಡು ವರ್ಷ ನನ್ನ ಮನೆಯ ಬಡತನವನ್ನು ಆಕೆಗೆ ಸವಿಸ್ತಾರವಾಗಿ ವರ್ಣಿಸಿದ್ದವನು, ನಿಮ್ಮ ಮನೆಯಲ್ಲಿ ಹೇಗಿದ್ದಾರೆ ಎಂದು ಒಂದು ದಿನವಾದರೂ ಕೇಳಿದ್ದೆನೆ? ಜ್ಞಾಪಿಸಿಕೊಳ್ಳಲು ಪ್ರಯತ್ನಿಸಿದೆ. ಕೇಳಿದ್ದು ನೆನಪಾಗಲಿಲ್ಲ.

"ಅಂದು ನೀವು ಏನನ್ನೋ ಹೇಳುತ್ತೇನೆಂದಿರಿ. ಹೇಳಲೇ ಇಲ್ಲ" ಎಂದಳು.

"ಮರೆತುಹೋಗಿದೆ" ಎಂದೆ.

ಆಕೆ ಕ್ಷಣಕಾಲ ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಮಗು ಸೆರಗು ಜಗ್ಗಿ, "ಅಮ್ಮಾ, ಇವರು ಯಾರು?" ಎಂದು ಕೇಳಿತು.

"ನಮ್ಮ ಕ್ಲಾಸಿನವರು, ಪುಟ್ಟಾ" ಎಂದಳು.

ಸಾಲು ಮುಂದೆ ಸರಿಯಿತು. ಲಕೋಟೆ ಕೊಟ್ಟು, ಅಕ್ಷತೆ ಹಾಕಿ ಕೆಳಗಿಳಿದೆ. ಹುಲ್ಲುಹಾಸಿನ ಅಂಚಿನಲ್ಲಿ ಒಬ್ಬ ಹುಡುಗ ಬೆಳ್ಳಿಯ ಬಣ್ಣದ ತಟ್ಟೆಯಲ್ಲಿ ಕಾಫಿ ಹಿಡಿದು ನಿಂತಿದ್ದ. ತೆಗೆದುಕೊಂಡೆ. ಅಭ್ಯಾಸಬಲದಿಂದ ಇನ್ನೊಂದು ಕೈ ಜೇಬಿನತ್ತ ಹೋಯಿತು.

"ದುಡ್ಡೇನಿಲ್ಲ ಸಾರ್, ಮದುವೆ ಮನೇದು" ಎಂದು ಹುಡುಗ ನಕ್ಕ.