ಬ್ರಹ್ಮಾವರದಿಂದ ಬೈಂದೂರಿನ ದಾರಿ

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ದುರಸ್ತಿಯನ್ನೂ ಕುರಿತು ಬರೆಯೋಣವೆಂದು ಮೊದಲು ಎಣಿಸಿದೆವು. ಅವು ವಾರ್ಷಿಕ ವರದಿಯಲ್ಲಿ ಬಂದೇ ಬರುವವು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲ ಒಂದು ದಾರಿಯ ವಿಷಯವಾಗಿ ಬರೆಯುತ್ತೇವೆ.

ಬ್ರಹ್ಮಾವರವನ್ನು ಬಿಟ್ಟು ಮಾಬುಕಳದಲ್ಲಿ ಸೀತಾನದಿಯನ್ನು ದಾಟಿ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆಗಳನ್ನು ಹಾದು ಕುಂದಾಪುರಕ್ಕೆ ಬರುವದು. ಅಲ್ಲಿಂದ ಹೊಳೆಯ ಸೇತುವೆಗಳ ಮೇಲೆ ಹೆಮ್ಮಾಡಿ, ತ್ರಾಸಿ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕೆ. ಆ ಮೇಲೆ ನಾವುಂದ, ಉಪ್ಪುಂದ, ಬೈಂದೂರು. ಒಟ್ಟಿನಲ್ಲಿ ಸುಮಾರು 55 ಕಿಲೋಮೀಟರು. ಬಸ್ಸಿನ ಕಿಟಕಿಯಿಂದ ಈ ದಾರಿಯನ್ನು ನೋಡುತ್ತಾ ನಿಮ್ಮಲ್ಲಿ ಎಷ್ಟೋ ಮಂದಿ ಪಾಠವನ್ನು ಬಾಯಿಪಾಠ ಮಾಡಿದ್ದೀರಿ.

2016ನೆಯ ಇಸವಿಯಲ್ಲಿ ಆಸ್ಟ್ರೇಲಿಯ ದೇಶದ ಪ್ಯಾಟ್ ಫಾರ್ಮರ್ ಎಂಬ ಮಹಾಶಯರು ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಓಡಿದರು. ಹೊರಟದ್ದು ಜನವರಿ 26ರಂದು. ಆ ದಿನವು ನಮ್ಮ ಗಣರಾಜ್ಯೋತ್ಸವವೂ ಹೌದು, ಅವರ ದೇಶದ ಹಬ್ಬವೂ ಹೌದು. ಕೇರಳವನ್ನು ದಾಟಿ, ನಮ್ಮ ಕರಾವಳಿಯ ಹೆದ್ದಾರಿಯನ್ನು ಹಿಡಿದು ಗೋವೆಯ ಕಡೆಗೆ ಹೋದರು. ಒಟ್ಟು ದಾರಿ ಸುಮಾರು 4,600 ಕಿಲೋಮೀಟರು. ದಿನವೊಂದಕ್ಕೆ 70 ಕಿಲೋಮೀಟರಿಗೂ ಮೇಲು. ನಾವು ಈಗ ಹೇಳಿದ ದಾರಿಯೆಲ್ಲವೂ ಅವರಿಗೆ ಒಂದು ಹಗಲಿನ ಓಟಕ್ಕೆ ಸಾಲದು. ಪ್ರಾಯವೇನೂ ಚಿಕ್ಕದಲ್ಲ, ಆಗ 53 ವರ್ಷ. ಹಿಂದೆ ಅವರು ತಮ್ಮ ದೇಶದ ಪಾರ್ಲಿಮೆಂಟಿನ ಸದಸ್ಯರಾಗಿದ್ದವರು. 2011ರಲ್ಲಿ ಉತ್ತರ ಧ್ರುವದಿಂದ ಹೊರಟು 2012ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ್ದರು. ಆ ಓಟವು ರೆಡ್‌ಕ್ರಾಸಿನ ಮೂಲಕ ಬಡವರಿಗೆ ಶುದ್ಧ ನೀರನ್ನು ಒದಗಿಸುವದಕ್ಕಾಗಿ. ಭಾರತದ ಓಟವಾದರೋ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ. ಕೂಡಿದ ಹಣವು 1996ರಲ್ಲಿ ಸ್ಥಾಪಿತವಾದ 'ನನ್ಹೀ ಕಲೀ' ಎಂಬ ಸಂಸ್ಥೆಗೆ. ಬೆಂಗಾವಲಿನ ವಾಹನಗಳೂ ಸಹಾಯಕರೂ ಇದ್ದರು, ನಿಜ. ಆದರೆ ಕಾಲುಗಳು ಅವರೊಬ್ಬರವೇ.

ಅವರನ್ನು ನಾವು ನೋಡಲಿಲ್ಲ. ಅದು ಪೂರ್ವಸಿದ್ಧತಾ ಪರೀಕ್ಷೆಯ ಕಾಲ. ಸಂಗತಿಯನ್ನು ಪತ್ರಿಕೆಯಲ್ಲಿ ಓದಿದ್ದು, ಉತ್ತರ ಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು. ಓದಿದೊಡನೆ ನಮ್ಮ ಕಣ್ಣಿಗೆ ಕಟ್ಟಿದ್ದು ಒಂಭತ್ತನೆಯ ತರಗತಿಯ ಹಾಜರಿ ಪುಸ್ತಕದ ಒಂದು ಸಾಲು. ಬೈಂದೂರಿನ ಕಡೆಯ ಒಬ್ಬ ಹುಡುಗಿಯ ಹೆಸರಿನ ಮುಂದೆ ಐದು ವಾರಗಳಿಂದ ಕೆಂಪು ಶಾಯಿಯ ಗುರುತು. ನಾವು ಮಾಡಿದ್ದೇನು? ಎರಡು ಕಾಗದ ಬರೆಸಿದ್ದೆವು. ಅಪೊಸ್ತಲನಾದ ಪೌಲನು ಕೊಟ್ಟ ಓಟಗಾರರ ದೃಷ್ಟಾಂತವನ್ನು ಬೆಳಗಿನ ಆರಾಧನೆಯಲ್ಲಿ ಎಷ್ಟೋ ಸಾರಿ ವಿವರಿಸಿದವರು ನಾವು. ನಿಂತಲ್ಲೇ ನಿಂತು ವಿವರಿಸಿದೆವು.

ಆ ಶನಿವಾರ ಮಧ್ಯಾಹ್ನ ಹುಡುಗಿಯ ಮನೆಗೆ ಹೋದೆವು. ಬಸ್ಸಿಳಿದ ಮೇಲೆ ಗೇರುಹಾಡಿಯ ನಡುವೆ ಅರ್ಧ ತಾಸಿನ ಕಾಲ್ದಾರಿ. ತಾಯಿ ಗೇರುಬೀಜದ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಜಿ ಬಸಿಯುತ್ತಿದ್ದಳು. ನಮ್ಮನ್ನು ಕಂಡು ಮೊದಲು ಒಳಕ್ಕೆ ಓಡಿಹೋದಳು. ತಾಯಿ ಬಂದ ಮೇಲೆ ತಿಳಿದುಬಂದದ್ದಿಷ್ಟು: ಓದು ಬೇಡವೆಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಬಸ್ಸಿಗೆ ದುಡ್ಡು ಸಾಲದು, ಸಂಜೆ ಕತ್ತಲಾದ ಮೇಲೆ ಆ ಹಾಡಿಯಲ್ಲಿ ಹುಡುಗಿ ಒಬ್ಬಳೇ ಬರಬೇಕು. ನಮ್ಮ ಎರಡು ಕಾಗದಗಳೂ ಗೋಡೆಯ ಕ್ಯಾಲೆಂಡರಿನ ಹಿಂದೆ ಭದ್ರವಾಗಿದ್ದವು. ಓದಿ ಹೇಳಬಲ್ಲವಳು ಆ ಹುಡುಗಿಯೊಬ್ಬಳೇ. ಅವಳು ಓದಿ ಹೇಳಿರಲಿಲ್ಲ.

ಜೂನ್ ತಿಂಗಳಲ್ಲಿ ಆಕೆ ಮರಳಿ ಸೇರಿದಳು. ಹಾಗೆ ಬಿಟ್ಟುಹೋದವರಲ್ಲಿ ಮತ್ತಿಬ್ಬರ ಮನೆಗೂ ಹೋದೆವು, ಅವರು ಬರಲಿಲ್ಲ.

ಆ ವರ್ಷದ ದಶಂಬರದಲ್ಲಿ ಬಸ್ಸಿನ ಖರ್ಚಿನ ನಿಧಿಗಾಗಿ ಬ್ರಹ್ಮಾವರದಿಂದ ಕುಂದಾಪುರಕ್ಕೆ ಒಬ್ಬರೇ ನಡೆಯುವೆವೆಂದು ಪೋಷಕರ ಸಭೆಯಲ್ಲಿ ಹೇಳಿಬಿಟ್ಟೆವು. ಕಿಲೋಮೀಟರಿಗೆ ಇಷ್ಟೆಂದು ಹಲವರು ಬರೆಸಿದರು. ಬೆಳಿಗ್ಗೆ ಐದೂವರೆಗೆ ಹೊರಟೆವು. ಪೇಟೆ ದಾಟಿದ ಮೇಲೆ, ಯಾರೂ ನೋಡುವದಿಲ್ಲವೆಂದು ಸ್ವಲ್ಪ ಓಡಿಯೂ ನೋಡಿದೆವು. ಸೀರೆಯೂ ಉಸಿರೂ ಒಪ್ಪಲಿಲ್ಲ. ಚತುಷ್ಪಥದ ಕಾಮಗಾರಿಯ ಕೆಂಪು ಧೂಳು ಬೇರೆ. ಕೋಟದ ಹತ್ತಿರ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಬಸ್ ಸಿಕ್ಲಿಲ್ಯಾ ಟೀಚರೇ?" ಎಂದು ಕೇಳಿದಳು. ಕಾರಣ ಹೇಳಿದೆವು. ಬುಟ್ಟಿಯನ್ನು ಕೆಳಗಿಳಿಸದೆ, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟಳು. ಅವಳ ಹೆಸರು ಕೇಳಲು ಮರೆತೆವು. ಲೆಕ್ಕದ ಪುಸ್ತಕದಲ್ಲಿ 'ಕೋಟದ ದಾರಿಯಲ್ಲಿ' ಎಂದಷ್ಟೇ ಇದೆ.

ತೆಕ್ಕಟ್ಟೆಗೆ ಬರುವಾಗ ಹಿಮ್ಮಡಿ ಒಡೆದು ರಕ್ತ ಬಂತು. ಅಲ್ಲಿಂದ ಬಸ್ಸು ಹತ್ತಿದೆವು.

ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ತರುಣನು ಅರ್ಬುದ ರೋಗದಿಂದ ಒಂದು ಕಾಲನ್ನು ಕಳಕೊಂಡು, ಕೃತಕ ಕಾಲಿನಿಂದ 1980ರಲ್ಲಿ 143 ದಿನ ಓಡಿ, ರೋಗವು ಮರುಕಳಿಸಿದ್ದರಿಂದ ನಡುದಾರಿಯಲ್ಲೇ ನಿಲ್ಲಿಸಬೇಕಾಯಿತು. ಮರುವರ್ಷ 22ನೆಯ ಪ್ರಾಯದಲ್ಲಿ ತೀರಿಕೊಂಡನು. ಅವನು ನಿಲ್ಲಿಸಿದ ಮೇಲೆ ಜನರು ಮತ್ತಷ್ಟು ಕೊಟ್ಟರೆಂಬದು ಚರಿತ್ರೆ. ಅಂಥವನ ಹೆಸರನ್ನು ನಮ್ಮ ಒಡೆದ ಹಿಮ್ಮಡಿಯ ಜೊತೆಗೆ ಬರೆಯಲು ನಾಚಿಕೆಯಾಗುತ್ತದೆ. ಆದಾಗ್ಯೂ ನಡೆದಷ್ಟಕ್ಕೆ ಮಾತ್ರ ಕೊಡಿರೆಂದು ನಾವು ಬರೆದ ಕಾಗದಗಳಿಗೆ ಹೆಚ್ಚಿನವರು ಪೂರ್ತಿ ಹಣವನ್ನೇ ಕಳುಹಿಸಿದರು. ಒಬ್ಬ ತಂದೆಯವರು ಮಾತ್ರ, "ಉಳಿದದ್ದನ್ನು ಬಾಯಿಯವರು ಮುಂದಿನ ವರ್ಷ ನಡೆಯತಕ್ಕದ್ದು" ಎಂದು ಷರತ್ತು ಹಾಕಿದರು.

ನಡೆದೆವು. ಮರುವರ್ಷ ಕುಂದಾಪುರದವರೆಗೆ, ಅದರ ಮುಂದಿನ ವರ್ಷ ಮರವಂತೆಯವರೆಗೆ. 2020ರ ಮಹಾವ್ಯಾಧಿಯ ಕಾಲದಲ್ಲಿ ನಿಂತದ್ದು ಹಾಗೆಯೇ ಉಳಿಯಿತು. ನಿಧಿಯು ಉಳಿದವರ ಔದಾರ್ಯದಿಂದ ನಡೆಯುತ್ತಾ ಬಂತು. ಮರವಂತೆಯಿಂದ ಬೈಂದೂರಿನವರೆಗಿನ ಭಾಗವು ಈ ದಶಂಬರಕ್ಕೆ ಬಾಕಿಯಿದೆ. ಗೇರುಹಾಡಿಯ ಆ ಹುಡುಗಿ ಈಗ ದಾದಿಯ ಕೆಲಸದಲ್ಲಿದ್ದಾಳೆ. ಹಿಮ್ಮಡಿಗೆ ಬೇಕಾದ ಪಟ್ಟಿಗಳನ್ನು ತೆಗೆದುಕೊಂಡು ನಾವುಂದದಲ್ಲಿ ಕಾದಿರುವೆನೆಂದು ಬರೆದಿದ್ದಾಳೆ.