ಕುಂಬಳೆಯಿಂದ ಮಂಗಳೂರಿಗೆ: ಭಾನುವಾರದ ಪಯಣ

ಪ್ರವಾಸವೆಂದೊಡನೆ ನಮ್ಮ ಗಡಿನಾಡಿನವರ ಕಣ್ಣ ಮುಂದೆ ಬರುವುದು ಮಧೂರು, ಅನಂತಪುರ, ಕೊಲ್ಲೂರು, ಧರ್ಮಸ್ಥಳಗಳಂತಹ ಪುಣ್ಯಕ್ಷೇತ್ರಗಳು. ಕ್ಷೇತ್ರವೂ ಅಲ್ಲದ, ಪ್ರೇಕ್ಷಣೀಯ ಸ್ಥಳವೂ ಅಲ್ಲದ ಒಂದು ಶಾಲಾ ಕೊಠಡಿಗೆ ನಾವು ಕೈಗೊಂಡ ಪಯಣದ ವೃತ್ತಾಂತವನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ಜೊತೆಗೆ ಬಂದವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ. ಅವರ ಹೆಸರು ಮಾತ್ರ ಇಲ್ಲಿ ಬರುವುದಿಲ್ಲ.

ಅವರು ಅಡಿಕೆ ಕೊಯ್ಯುವ ಕಸುಬಿನವರು. ಮಗಳು ನಮ್ಮ ಶಾಲೆಯ ಐದನೆಯ ತರಗತಿಯ ವಿದ್ಯಾರ್ಥಿನಿ. ಕುಡಿತದಿಂದ ಮರವೇರುವ ಕಾಲುಗಳು ನಡುಗತೊಡಗಿದಾಗ ಅವರನ್ನು ಕರೆಯುವ ತೋಟಗಳು ಕಡಿಮೆಯಾದವು. ಮಗು ತಿಂಗಳಿಗೆ ಎಂಟು ಹತ್ತು ದಿನ ಶಾಲೆಗೆ ಬಾರದಾಯಿತು. ವಿಚಾರಿಸಲು ಹೋದಾಗ ಮನೆಯಾಕೆ, “ಮಾಷ್ಟ್ರೇ, ಇವರನ್ನು ಎಲ್ಲಿಗಾದರೂ ಕರಕೊಂಡು ಹೋಗಿ” ಎಂದರು.

ಮೊದಲು ಹೋದದ್ದು ವೈದ್ಯರಲ್ಲಿಗೆ. ಹಲವು ವರ್ಷ ಪ್ರತಿನಿತ್ಯ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಅಪಸ್ಮಾರ, ಬುದ್ಧಿಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯ ಒದಗಬಹುದು. ಇದನ್ನು ಮನೆಯವರೆಲ್ಲರೂ ತಿಳಿದಿರಬೇಕು. ನಮ್ಮ ಜಿಲ್ಲೆಯ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಯೋಜನೆಯ ಚಿಕಿತ್ಸಾ ಕೇಂದ್ರವಿದೆ. ಚಿಕಿತ್ಸೆ ದೇಹದ ನಂಜನ್ನು ಕಳೆಯಿತು. ಮರಳಿ ಊರಿಗೆ ಬಂದ ಮೇಲೆ ಸಂಜೆಗಳನ್ನು ಕಳೆಯುವುದು ಹೇಗೆಂಬ ಪ್ರಶ್ನೆ ಉಳಿಯಿತು.

ಕುಡಿತ ಬಿಟ್ಟವರು ಪರಸ್ಪರ ಆಸರೆಯಾಗಲು ಸೇರುವ ಸಭೆಯೊಂದಕ್ಕೆ ಅವರು ದಕ್ಷಿಣದ ಕಡೆಗೂ ಹೋಗಿಬಂದಿದ್ದರು. ಅಲ್ಲಿಯವರು ಆದರದಿಂದಲೇ ಕಂಡರು. ಆದರೆ ಸಭೆ ನಡೆದದ್ದು ಮಲಯಾಳದಲ್ಲಿ. “ಕೇಳಿದರೆ ಅರ್ಥ ಆಗ್ತದೆ ಮಾಷ್ಟ್ರೇ, ನನ್ನದನ್ನು ಹೇಳಲಿಕ್ಕೆ ಬರುವುದಿಲ್ಲ” ಎಂದರು. ಸಂತೆಯ ವ್ಯವಹಾರಕ್ಕೆ ಸಾಕಾಗುವ ಭಾಷೆ ಮನದಳಲನ್ನು ತೋಡಿಕೊಳ್ಳಲು ಸಾಕಾಗದೆಂಬ ಸತ್ಯವನ್ನು ಗಡಿನಾಡಿನವರಾದ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಅಂತೆಯೇ ಒಂದು ಭಾನುವಾರ ನಾವು ಮೂವರು ಕುಂಬಳೆಯಲ್ಲಿ ಉತ್ತರದ ರೈಲು ಹತ್ತಿದೆವು. ಶಿರಿಯ ಹೊಳೆ, ಉಪ್ಪಳ, ಗೋವಿಂದ ಪೈಗಳ ಮಂಜೇಶ್ವರ ಹಿಂದೆ ಸರಿದವು. ಉಳ್ಳಾಲ ದಾಟಿ ನೇತ್ರಾವತಿಯ ಸೇತುವೆಯ ಮೇಲೆ ಗಾಡಿ ಸದ್ದು ಮಾಡುವವರೆಗೂ ದಂಪತಿಗಳು ಒಂದು ಮಾತನ್ನೂ ಆಡಲಿಲ್ಲ.

ಸಭೆಯ ಸ್ಥಳ ಇಗರ್ಜಿಯೊಂದರ ಆವರಣದ ಶಾಲಾ ಕೊಠಡಿ. ಕರಿಹಲಗೆಯ ಮೇಲೆ ಶುಕ್ರವಾರದ ಲೆಕ್ಕ ಹಾಗೆಯೇ ಇತ್ತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕುಳಿತಿದ್ದರು. ಅಂದಿನದು ಯಾರೂ ಬರಬಹುದಾದ ಮುಕ್ತ ಸಭೆಯಾದುದರಿಂದ ನಮಗೂ ಪ್ರವೇಶವಿತ್ತು. ಇತರ ಸಭೆಗಳು ವ್ಯಸನವುಳ್ಳವರಿಗೆ ಮಾತ್ರ. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಖರ್ಚಿಗಾಗಿ ಸದಸ್ಯರ ನಡುವೆ ಒಂದು ಬುಟ್ಟಿ ತಿರುಗುತ್ತದೆ. ಹೊರಗಿನವರಾದ ನಮ್ಮಿಂದ ಹಣ ಸ್ವೀಕರಿಸಲಿಲ್ಲ. ಒಬ್ಬರು ತುಳುವಿನಲ್ಲಿ, ಒಬ್ಬರು ಕೊಂಕಣಿಯಲ್ಲಿ, ಉಳಿದವರು ಕನ್ನಡದಲ್ಲಿ ಮಾತನಾಡಿದರು. ಯಾರೂ ಉಪದೇಶಿಸಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅಲ್ಲಿ ಕೇಳಿದ್ದನ್ನು ಅಲ್ಲಿಯೇ ಬಿಡುವುದು ಆ ಕೊಠಡಿಯ ನಿಯಮ. ಆದ್ದರಿಂದ ಅದನ್ನು ನಾವು ಬರೆಯಲಾರೆವು.

ಈ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟದ ಮೂಲವೂ ಒಂದು ಪ್ರವಾಸವೇ. ೧೯೩೫ರಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯವಹಾರಕ್ಕೆಂದು ಅಮೆರಿಕದ ಏಕ್ರನ್ ನಗರಕ್ಕೆ ಹೋಗಿದ್ದರು. ಕೆಲಸ ಕೆಟ್ಟಿತ್ತು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋಟೆಲಿನ ಮದ್ಯದಂಗಡಿ ಕರೆಯುತ್ತಿರಲು, ಮಾತನಾಡಲು ಇನ್ನೊಬ್ಬ ವ್ಯಸನಿ ಬೇಕೆಂದು ಅವರು ದೂರವಾಣಿಯಲ್ಲಿ ಪಾದ್ರಿಗಳನ್ನು ವಿಚಾರಿಸಿದರು. ಹಾಗೆ ದೊರೆತವರು ಶಸ್ತ್ರವೈದ್ಯ ಬಾಬ್ ಸ್ಮಿತ್. ವೈದ್ಯರ ಕೊನೆಯ ಕುಡಿತದ ದಿನವಾದ ಜೂನ್ ೧೦ನ್ನೇ ಕೂಟದ ಆರಂಭವೆಂದು ಎಣಿಸುತ್ತಾರೆ. ೧೯೫೭ರಲ್ಲಿ ಅದು ಮುಂಬಯಿಯಲ್ಲಿ ಬೇರೂರಿತು. ಮನೆಯವರಿಗಾಗಿ ‘ಅಲ್-ಅನಾನ್’ ಎಂಬ ಪ್ರತ್ಯೇಕ ಕೂಟವು ೧೯೫೧ರಲ್ಲಿ ಆರಂಭವಾಯಿತು.

ನಮ್ಮವರು ಬಾಯಿ ತೆರೆದದ್ದು ಮೂರನೆಯ ಭಾನುವಾರ, ತುಳುವಿನಲ್ಲಿ, ನಾಲ್ಕೇ ವಾಕ್ಯ. ಆಟಿ ತಿಂಗಳಲ್ಲಿ ಒಮ್ಮೆ ಜಾರಿದರು. ಮುಂದಿನ ವಾರ ಹೋಗಲು ನಾಚಿಕೆಪಟ್ಟಾಗ ಮನೆಯಾಕೆಯೇ ಅಂಗಿ ತೆಗೆದುಕೊಟ್ಟು ಹೊರಡಿಸಿದರು. ಅಲ್ಲಿಯವರು ಯಾಕೆಂದು ಕೇಳದೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಈಗ ಎಂಟು ತಿಂಗಳು ಸಂದಿವೆ. ಅವರು ಒಬ್ಬರೇ ಹೋಗಿಬರುತ್ತಾರೆ. ಮಗಳ ಹಾಜರಿಯಲ್ಲಿ ಖಾಲಿ ಮನೆಗಳು ವಿರಳವಾಗಿವೆ.

ಪ್ರತಿವಾರ ಮಂಗಳೂರಿಗೆ ಹೋಗುವ ಅನುಕೂಲ ಎಲ್ಲರಿಗಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಹಯೋಗದಲ್ಲಿ ಜನಜಾಗೃತಿ ವೇದಿಕೆಯವರು ಏರ್ಪಡಿಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಕಾಸರಗೋಡಿನ ಊರುಗಳಲ್ಲಿಯೂ ನಡೆದಿವೆ. ಶಿಬಿರ ಮುಗಿಸಿದವರು ಸೇರುವ ‘ನವಜೀವನ ಸಮಿತಿ’ಯೂ ಇದೇ ಬಗೆಯ ಆಸರೆ. ಎಲ್ಲಿ ಕೇಳಬೇಕೆಂದು ತಿಳಿಯದವರು ಕೇಂದ್ರ ಸರಕಾರದ ೧೪೪೪೬ ಎಂಬ ಉಚಿತ ದೂರವಾಣಿಗೆ ಕರೆ ಮಾಡಬಹುದು.

ವಾಚಕ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ: ನೆರೆಮನೆಯಲ್ಲಿ ಇಂತಹವರಿದ್ದರೆ ಬುದ್ಧಿ ಹೇಳಿ ಹಿಂದಿರುಗಬೇಡಿ. ಸಭೆ ಎಲ್ಲಿ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ನಡೆಯುತ್ತದೆಂದು ವಿಚಾರಿಸಿರಿ. ಮೊದಲ ದಿನ ಬಾಗಿಲವರೆಗಾದರೂ ಜೊತೆಗೆ ನಡೆಯಿರಿ. ಒಳಗೆ ಕುಳಿತವರು ಉಳಿದುದನ್ನು ನೋಡಿಕೊಳ್ಳುತ್ತಾರೆ.