ಕೆಂಚನ ಬೆನ್ನು

ಹಳೆಯ ಅಗ್ರಹಾರದ ಒಂದು ಮನೆಯಲ್ಲಿ ಪ್ರಾತಃಕಾಲದ ಮೊದಲನೆಯ ಕೆಲಸವು ಈಚೆಗೆ ಬದಲಾಗಿದೆ. ಉಪನಯನವಾದಂದಿನಿಂದ ಐವತ್ತು ವರ್ಷಗಳಿಗೆ ಮೇಲ್ಪಟ್ಟು ಆ ಮನೆಯ ಪಂಡಿತರು ಎದ್ದೊಡನೆ ಸ್ನಾನಮಾಡಿ, ಮಡಿಯುಟ್ಟು, ಸಂಧ್ಯಾವಂದನೆಗೆ ಕುಳಿತುಕೊಳ್ಳುತ್ತಿದ್ದರು. ಈಗ ಸ್ನಾನಕ್ಕೆ ಮೊದಲು ಅವರು ಪಡಸಾಲೆಯ ಮೂಲೆಯಲ್ಲಿರುವ ಮರದ ಗೂಡಿನ ಬಾಗಿಲನ್ನು ತೆರೆದು, ಒಳಗಿರುವ ನಾಯಿಯನ್ನು ಒಂದು ಕೈಯನ್ನು ಎದೆಗೂ ಇನ್ನೊಂದನ್ನು ಹಿಂಭಾಗಕ್ಕೂ ಕೊಟ್ಟು ಎತ್ತಿ, ಹಿತ್ತಿಲಿಗೆ ಒಯ್ದು, ಅದರ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒತ್ತಿ ಮೂತ್ರವನ್ನು ಹೊರಡಿಸುತ್ತಾರೆ. ಅದು ಮುಗಿದ ಬಳಿಕವೇ ಸ್ನಾನ. ಸ್ನಾನವು ಹೇಗೂ ಕಡೆಗೇ ಬಂದಿತಷ್ಟೆ, ಆದುದರಿಂದ ಈ ಕ್ರಮದಲ್ಲಿ ದೋಷವಿಲ್ಲವೆಂದು ಶಾಸ್ತ್ರವನ್ನು ಬಲ್ಲವರು ಒಪ್ಪಬಹುದು. ಆದರೆ ಒಂದು ಕಾಲದಲ್ಲಿ, ಬೀದಿಯ ನಾಯಿಯೊಂದು ಒಣಗಹಾಕಿದ ಪಂಚೆಯ ಕೆಳಗೆ ಹಾದುಹೋಯಿತೆಂದು ಅದನ್ನು ಮತ್ತೆ ಒಗೆಯಿಸಿದವರು ಇವರೇ ಎಂಬುದನ್ನು ನೆರೆಯವರು ಮರೆತಿಲ್ಲ.

ನಾಯಿಯ ಹೆಸರು ಕೆಂಚ. ಅದನ್ನು ಮನೆಗೆ ತಂದವನು ಮಗ, 2016ರಲ್ಲಿ. ತಾಯಿಯು ತೀರಿಹೋಗಿ ಒಂದು ವರ್ಷವಾಗಿದ್ದಿತು. ಮನೆ ಬರಿದಾಗಿ ಕಾಣುತ್ತಿದೆಯೆಂದು ಅವನು ಹೇಳಿದನು. ಪಂಡಿತರು ಅಂಗಳವನ್ನು ದಾಟಿ ನಾಯಿಯು ಒಳಗೆ ಬರಕೂಡದೆಂಬ ನಿಬಂಧನೆಯ ಮೇಲೆ ಒಪ್ಪಿದರು. 2018ರಲ್ಲಿ ಮಗನು ಉದ್ಯೋಗನಿಮಿತ್ತವಾಗಿ ವಿದೇಶಕ್ಕೆ ಹೊರಟುಹೋದನು, ನಾಯಿಯು ಉಳಿಯಿತು. ಅಂಗಳದಿಂದ ಜಗಲಿಗೂ, ಜಗಲಿಯಿಂದ ಪಡಸಾಲೆಗೂ ಅದು ಯಾವಾಗ ಬಂದಿತೆಂಬುದನ್ನು ಯಾರೂ ಗೊತ್ತುಹಚ್ಚಿಲ್ಲ. ಸಂಸ್ಕೃತದಲ್ಲಿ ನಾಯಿಗೆ ಕೌಲೇಯಕವೆಂದು ಒಂದು ಹೆಸರುಂಟು, ಕುಲಕ್ಕೆ ಎಂದರೆ ಮನೆತನಕ್ಕೆ ಸೇರಿದುದು ಎಂದರ್ಥ. ಬಾಲ್ಯದಲ್ಲಿ ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಆ ಶಬ್ದವನ್ನು ಉರುಹೊಡೆದು, ಆಮೇಲೆ ಮೂವತ್ತು ವರ್ಷ ಮಕ್ಕಳಿಂದ ಉರುಹೊಡೆಯಿಸಿದ ಪಂಡಿತರಿಗೆ ಅದರ ಅರ್ಥವು ತೋರಿಬಂದುದು ನಿವೃತ್ತರಾದ ಬಳಿಕ.

ಕೆಂಚನು ಡ್ಯಾಶ್‌ಹುಂಡ್ ಜಾತಿಯವನು. ಇವು ಜರ್ಮನಿಯವರು ಬೆಳೆಸಿದ ನಾಯಿಗಳು. ಬಿಲದೊಳಗೆ ಅಡಗುವ ಬ್ಯಾಜರ್ ಎಂಬ ಮೃಗವನ್ನು ಅಲ್ಲಿಯೇ ನುಗ್ಗಿ ಹಿಡಿಯುವುದಕ್ಕಾಗಿ ಉದ್ದವಾದ ಮೈಯೂ ಮೊಟಕು ಕಾಲುಗಳೂ ಉಳ್ಳವುಗಳನ್ನೇ ಆಯ್ದು ಆಯ್ದು ಕೂಡಿಸಿ ಈ ಆಕಾರವನ್ನು ಪಡೆದರು. ನಮ್ಮ ಮುಧೋಳದ ನಾಯಿಯ ಪಕ್ಕದಲ್ಲಿ ನಿಲ್ಲಿಸಿದರೆ ಒಂದೇ ಕುಲದವೆಂದು ನಂಬುವುದು ಕಷ್ಟ. ಆದರೆ ಮನುಷ್ಯನು ಕಾಲನ್ನು ಮೊಟಕುಮಾಡುವಾಗ ಬೆನ್ನಿಗೂ ಕೈಯಿಕ್ಕಿದನೆಂಬುದು ಬಹುಕಾಲ ತಿಳಿಯಲಿಲ್ಲ. ನಾಯಿಯ ಪೃಷ್ಠವಂಶದಲ್ಲಿ ಕೊರಳಿಗೆ 7, ಎದೆಗೆ 13, ಸೊಂಟಕ್ಕೆ 7 ಮಣಿಗಳಿರುತ್ತವೆ. ಕೊರಳಿನ ಮೊದಲೆರಡನ್ನು ಬಿಟ್ಟರೆ ಮಣಿಮಣಿಗೂ ನಡುವೆ ಮೆತ್ತೆಯಂತಹ ಒಂದೊಂದು ಬಿಲ್ಲೆಯುಂಟು: ಹೊರಗೆ ನಾರಿನ ಬಳೆ, ಒಳಗೆ ಲೋಳೆಯಂತಹ ತಿರುಳು. ಸಾಮಾನ್ಯವಾದ ನಾಯಿಗಳಲ್ಲಿ ಈ ತಿರುಳು ಮುಪ್ಪಿನವರೆಗೂ ಮೃದುವಾಗಿರುತ್ತದೆ. ಈ ಜಾತಿಯಲ್ಲಿಯಾದರೋ ಅದು ಹುಟ್ಟಿದ ಮೊದಲನೆಯ ವರ್ಷದಲ್ಲಿಯೇ ಒಣಗಿ ಗಡುಸಾಗತೊಡಗುತ್ತದೆ, ಬರಬರುತ್ತ ಸುಣ್ಣಗಟ್ಟುತ್ತದೆ. ಒಂದು ದಿನ ಬಳೆಯು ಹರಿದು ಗಟ್ಟಿಯಾದ ತಿರುಳು ಮೇಲಕ್ಕೆ ಚಿಮ್ಮುತ್ತದೆ, ಮೇಲಿರುವುದು ಬೆನ್ನುಹುರಿ. ಸ್ವೀಡನ್ ದೇಶದ ಹಾನ್ಸೆನ್ ಎಂಬ ವಿದ್ವಾಂಸನು 1952ರಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದನು. ಮೊಟಕು ಕಾಲಿಗೂ ಇಂತಹ ಬಿಲ್ಲೆಗೂ ಕಾರಣವು ವಂಶಬೀಜದಲ್ಲಿ ನಕಲಾಗಿ ಬೇರೆಡೆ ಸೇರಿಕೊಂಡ ಒಂದು ತುಣುಕೆಂಬುದು 2017ರಲ್ಲಿ ಹೊರಬಿದ್ದಿತು. ಯಾರೋ ಬೇಟೆಗಾರನ ಅನುಕೂಲಕ್ಕಾಗಿ ಮಾಡಿದ ಏರ್ಪಾಡಿನ ಫಲವನ್ನು, ಬಿಲವನ್ನೇ ಕಾಣದ ಕೆಂಚನು ಅಗ್ರಹಾರದಲ್ಲಿ ಅನುಭವಿಸಬೇಕಾಯಿತು.

ಮೊದಲನೆಯ ಸಲ ಬಂದುದು 2019ರ ಮಳೆಗಾಲದಲ್ಲಿ. ನಾಯಿಯು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿಕೊಂಡು ನಡುಗುತ್ತ ನಿಂತಿತು; ಜಗಲಿಯನ್ನು ಹತ್ತಲೊಲ್ಲದು, ಮುಟ್ಟಿದರೆ ಕಿರಲುವುದು. ಹೊಟ್ಟೆ ಬಿಗಿದುಕೊಂಡಿದ್ದುದರಿಂದ ಮೊದಲು ನೋಡಿದ ವೈದ್ಯರು ಅಜೀರ್ಣವೆಂದು ಔಷಧವನ್ನು ಕೊಟ್ಟರು. ಬೆನ್ನುನೋವಿನ ನಾಯಿಯು ಹೊಟ್ಟೆಯನ್ನು ಬಿಗಿಹಿಡಿಯುವುದರಿಂದ ಈ ಭ್ರಾಂತಿಯು ಅಪೂರ್ವವಲ್ಲವಂತೆ. ನೆರೆಯವರೊಬ್ಬರು ತಮ್ಮ ಮಂಡಿನೋವಿಗೆ ತಂದಿಟ್ಟಿದ್ದ ಐಬುಪ್ರೊಫೆನ್ ಮಾತ್ರೆಯನ್ನು ಅರ್ಧ ಕೊಡಿರೆಂದು ಕರುಣೆಯಿಂದ ಹೇಳಿಕಳುಹಿದರು. ಕೊಡದೆ ಹೋದುದು ದೈವಕೃಪೆ. ಮನುಷ್ಯನಿಗೆ ಹಿತವಾದ ಆ ಮಾತ್ರೆಯು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸತಕ್ಕದ್ದು. ಮೂರನೆಯ ದಿನ ಇನ್ನೊಬ್ಬ ವೈದ್ಯರು ಬೆನ್ನಿನ ಉದ್ದಕ್ಕೂ ಬೆರಳನ್ನು ಒತ್ತುತ್ತ ಬಂದು, ಎದೆಯ ಕಡೆಯ ಮಣಿಯೂ ಸೊಂಟದ ಮೊದಲ ಮಣಿಯೂ ಕೂಡುವ ಜಾಗದಲ್ಲಿ ನಿಂತರು, ನಾಯಿಯು ಕೂಗಿತು. ಈ ರೋಗವು ಹೆಚ್ಚಾಗಿ ನೆಲೆಗೊಳ್ಳುವುದು ಅಲ್ಲಿಯೇ. ಔಷಧಕ್ಕಿಂತ ಮುಖ್ಯವಾದುದು ಸೆರೆವಾಸವೆಂದು ಅವರು ಹೇಳಿದರು: ಕಡಿಮೆಯೆಂದರೆ ನಾಲ್ಕು ವಾರ, ತಿರುಗಿ ಮಲಗುವಷ್ಟೇ ಅವಕಾಶವುಳ್ಳ ಗೂಡಿನಲ್ಲಿ. ಮಲಮೂತ್ರಗಳಿಗೆ ಮಾತ್ರ ಎತ್ತಿಕೊಂಡು ಹೋಗಿ ಎತ್ತಿಕೊಂಡು ಬರಬೇಕು. ಹರಿದ ಬಳೆಯು ಕೂಡಿಕೊಳ್ಳುವುದಕ್ಕೆ ಬೇರೆ ಮಾರ್ಗವಿಲ್ಲ.

ಎತ್ತುವವರು ಯಾರು? ಮನೆಯಲ್ಲಿದ್ದವರು ಪಂಡಿತರೂ, ಪಾಠಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿದ್ದ ಹಿರಿಯ ಮಗಳೂ ಇಬ್ಬರೇ. ಆಕೆಯು ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಐದಕ್ಕೆ ಬರುವಳು. ಪಂಡಿತರು ಮೊದಲ ದಿನ ಒಂದು ಹಳೆಯ ಗೋಣಿಯನ್ನು ಕೈಗೆ ಸುತ್ತಿಕೊಂಡು ನಾಯಿಯನ್ನು ಎತ್ತಿದರು. ಎರಡನೆಯ ವಾರಕ್ಕೆ ಗೋಣಿಯು ಕಾಣಲಿಲ್ಲ.

ಆ ಸಲ ಕೆಂಚನು ಚೇತರಿಸಿಕೊಂಡನು. ಕೊರಳಪಟ್ಟಿಯನ್ನು ತೆಗೆದು ಎದೆಗೆ ತೊಡಿಸುವ ಪಟ್ಟಿಯನ್ನು ತಂದರು. ಜಗಲಿಗೆ ಹಲಗೆಯ ಇಳಿಜಾರನ್ನು ಮಾಡಿಸಿದರು. ಅನ್ನದ ಪ್ರಮಾಣವು ತಗ್ಗಿತು. ಆದರೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾದ ನಾಯಿಗಳಲ್ಲಿ ಬಹಳ ಮಟ್ಟಿಗೆ ರೋಗವು ಮರುಕಳಿಸುವುದೆಂದು ವೈದ್ಯರು ಮೊದಲೇ ತಿಳಿಸಿದ್ದರು. 2021ರಲ್ಲಿ ಅದು ಮತ್ತೆ ಬಂದಿತು. ಈ ಸಲ ಹಿಂಗಾಲುಗಳು ಕುಡಿದವನ ಕಾಲಿನಂತೆ ತೊಡರಿದುವು. ಮತ್ತೆ ಗೂಡು, ಮತ್ತೆ ಮಾತ್ರೆ. ಹನ್ನೆರಡನೆಯ ದಿನ ನೋವು ಅಡಗಿ ನಾಯಿಯು ನೆಟ್ಟಗೆ ನಿಂತಿತು; ಗೂಡಿನ ಸರಳನ್ನು ಮೂತಿಯಿಂದ ತಳ್ಳುತ್ತ ಅತ್ತಿತು. ನೋವು ಅಡಗಿತೆಂದರೆ ಗಾಯವು ಮಾಯಿತೆಂದಲ್ಲ. ಔಷಧವು ನೋವನ್ನು ಮರೆಸಿದಾಗಲೇ ಅಪಾಯವು ಹೆಚ್ಚು. ಇದನ್ನೆಲ್ಲ ಪಂಡಿತರು ಕೇಳಿ ತಿಳಿದಿದ್ದರು. ಆದರೂ ಮಧ್ಯಾಹ್ನದ ನಿಶ್ಶಬ್ದದಲ್ಲಿ ಆ ಅಳುವನ್ನು ತಾಳಲಾರದೆ, ಒಂದು ಘಳಿಗೆ ಎಂದುಕೊಂಡು ಬಾಗಿಲನ್ನು ತೆರೆದರು. ಬೀದಿಯಲ್ಲಿ ಒಂದು ಬೆಕ್ಕು ಹೋಗುತ್ತಿದ್ದಿತು. ಕೆಂಚನು ಇಳಿಜಾರನ್ನು ಲೆಕ್ಕಿಸದೆ ಜಗಲಿಯಿಂದ ಹಾರಿದನು. ಸಂಜೆಗೆ ಹಿಂಗಾಲುಗಳೆರಡೂ ಹೆಣದ ಕಾಲುಗಳಂತೆ ಎಳೆಯುತ್ತಿದ್ದುವು.

ಮಗಳು ಬಂದಾಗ ಪಂಡಿತರು ನಡೆದುದನ್ನು ನಡೆದಂತೆಯೇ ಹೇಳಿದರು. ಆ ರಾತ್ರಿಯೇ ಕಾರು ಮಾಡಿಕೊಂಡು ಬೆಂಗಳೂರಿಗೆ ಹೊರಟರು. ಶಸ್ತ್ರವೈದ್ಯರು ಇಕ್ಕುಳದಿಂದ ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಸುಕಿದರು. ಕಾಲು ಹಿಂದಕ್ಕೆ ಸೆಳೆದುಕೊಂಡಿತು. ಪಂಡಿತರ ಮುಖವು ಅರಳಿತು. ಇದಲ್ಲ, ಎಂದರು ವೈದ್ಯರು. ಕಾಲು ತಾನಾಗಿಯೇ ಸೆಳೆಯುತ್ತದೆ, ಅದಕ್ಕೆ ತಲೆಯ ಅಪ್ಪಣೆ ಬೇಡ. ನೋವು ಮೇಲಕ್ಕೆ ಮುಟ್ಟಿದರೆ ನಾಯಿಯು ತಿರುಗಿ ನೋಡಬೇಕು, ಇಲ್ಲವೆ ಕೂಗಬೇಕು. ಇನ್ನೊಮ್ಮೆ ಹಿಸುಕಿದರು. ಕೆಂಚನು ಮೆಲ್ಲಗೆ ತಲೆಯನ್ನು ತಿರುಗಿಸಿ, ವೈದ್ಯರನ್ನಲ್ಲ, ಪಂಡಿತರನ್ನು ನೋಡಿದನು. ಈ ಅರಿವು ಉಳಿದಿರುವ ನಾಯಿಗಳಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಹತ್ತರಲ್ಲಿ ಒಂಬತ್ತು ಮತ್ತೆ ನಡೆಯುವುವು; ಅಳಿದಿದ್ದರೆ ಆ ಭರವಸೆಯು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಣಿಯ ಒಂದು ಪಕ್ಕವನ್ನು ಕೊರೆದು, ಹುರಿಯನ್ನು ಒತ್ತುತ್ತಿದ್ದ ಸುಣ್ಣದಂತಹ ತಿರುಳನ್ನು ತೆಗೆದರು. ನಾಲ್ಕು ತಿಂಗಳ ಪಿಂಚಣಿಯು ಅದಕ್ಕೆ ಸಂದಿತು. ಒಂದು ತಿಂಗಳಾಗುವಷ್ಟರಲ್ಲಿ ಕೆಂಚನು ಓಲಾಡುತ್ತಲಾದರೂ ತನ್ನ ಕಾಲಿನ ಮೇಲೆ ತಾನು ನಡೆದನು.

ಬೀದಿಯಲ್ಲಿ ಮಾತು ಹುಟ್ಟಿತು. ನಾಯಿಗೆ ಇಷ್ಟು ವೆಚ್ಚವೆ, ಎಂದರು. ಪಂಡಿತರು ಶಾಸನಗಳಲ್ಲಿ ಆಸಕ್ತಿಯುಳ್ಳವರು. ಮದ್ದೂರಿನ ಬಳಿಯ ಆತಕೂರಿನ ಕಲ್ಲನ್ನು ಅವರು ಸಾಕ್ಷಿಗೆ ಕರೆದರು. ಹತ್ತನೆಯ ಶತಮಾನದ ಮಧ್ಯದಲ್ಲಿ, ತಕ್ಕೋಲದ ಯುದ್ಧವಾದ ಮೇಲೆ, ಗಂಗರ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಲು ಮಣಲೆರನು ಕಾಳಿಯೆಂಬ ನಾಯಿಯನ್ನೇ ಬೇಡಿ ಪಡೆದನು. ಅದು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದಕ್ಕೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೇಳಿದವರು ಸುಮ್ಮನಾದರು. ಆದರೆ ದೃಷ್ಟಾಂತವು ಪೂರ್ತಿಯಾಗಿ ಹೊಂದುವುದಿಲ್ಲವೆಂಬುದು ಪಂಡಿತರಿಗೇ ಗೊತ್ತಿದ್ದಿತು. ಕಾಳಿಯು ಕಾದಿದ ಕಡೆಯೇ ಮಡಿಯಿತು. ಅದರ ಹಾಸಿಗೆಯನ್ನು ಯಾರೂ ಒಗೆಯಬೇಕಾಗಿರಲಿಲ್ಲ. ಧರ್ಮರಾಯನ ನಾಯಿಯೂ ತನ್ನ ಕಾಲಿನ ಮೇಲೆಯೇ ಹಿಮಾಲಯವನ್ನು ಏರಿತು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ನಾಯಿಗಳಿಗಾಗಿ ಒಂದು ಪ್ರಕರಣವೇ ಉಂಟು, ಆದರೆ ಅದರ ಹೆಸರು ಸಾರಮೇಯವಿನೋದ.

2024ರ ಆರಂಭದಲ್ಲಿ ಮೂರನೆಯ ಸಲ ಬಂದಿತು, ಬೇರೊಂದು ಬಿಲ್ಲೆ. ಕೆಂಚನಿಗೆ ವಯಸ್ಸಾಗಿದ್ದಿತು, ಹೃದಯದ ಕವಾಟವೂ ಸೋರುತ್ತಿದ್ದುದರಿಂದ ಮತ್ತೊಮ್ಮೆ ಮೂರ್ಛೆಗೊಳಿಸಿ ಕೊಯ್ಯುವುದು ಅಪಾಯವೆಂದು ವೈದ್ಯರು ಅನುಮಾನಿಸಿದರು. ಒಂದು ಚುಚ್ಚುಮದ್ದಿನಿಂದ ನೋವಿಲ್ಲದೆ ಕಳುಹಿಸಿಕೊಡಬಹುದೆಂಬುದನ್ನೂ ತಿಳಿಸಿದರು. ಹಾಗೆ ಮಾಡಿಸುವವರನ್ನು ನಿರ್ದಯರೆನ್ನುವುದು ಅನ್ಯಾಯ. ಆಳಿಲ್ಲದ ಮನೆಯಲ್ಲಿ, ನೋವು ಅಡಗದ ನಾಯಿಗೆ, ಅದು ದಯೆಯೇ ಆಗಬಹುದು. ಕೆಂಚನ ನೋವು ಔಷಧದಿಂದ ಅಡಗುತ್ತಿದ್ದಿತು, ಊಟ ಸೇರುತ್ತಿದ್ದಿತು, ಬೆರಳನ್ನು ಹಿಸುಕಿದರೆ ತಿರುಗಿ ನೋಡುತ್ತಿತ್ತು. ಪಂಡಿತರು ಮನೆಗೆ ಕರೆತಂದರು.

ಇಂತಹ ನಾಯಿಯ ಶುಶ್ರೂಷೆಯಲ್ಲಿ ಕಠಿನವಾದುದು ಮೂತ್ರಕೋಶದ ವಿಷಯ. ಹುರಿಯು ಪೆಟ್ಟುತಿಂದಾಗ ನಾಯಿಗೆ ತಾನಾಗಿ ಮೂತ್ರವನ್ನು ಬಿಡಲಾಗುವುದಿಲ್ಲ. ಹಾಸಿಗೆಯು ಒದ್ದೆಯಾಗಿರುವುದನ್ನು ಕಂಡು ಮೂತ್ರವು ಆಗುತ್ತಿದೆಯೆಂದು ನೋಡುವವರು ಸಮಾಧಾನಪಡುತ್ತಾರೆ. ಅದು ತುಂಬಿದ ಕೊಡದಿಂದ ಹೊರಚೆಲ್ಲುವ ನೀರು ಮಾತ್ರ. ಒಳಗೆ ನಿಂತುದು ಕೆಟ್ಟು ಸೋಂಕಾಗುತ್ತದೆ. ಆದುದರಿಂದ ದಿನಕ್ಕೆ ಮೂರು ಸಲವಾದರೂ ಕೈಯಿಂದ ಒತ್ತಿ ಬರಿದುಮಾಡಬೇಕು. ಹೊಟ್ಟೆಯ ಹಿಂಭಾಗದಲ್ಲಿ ನೀರು ತುಂಬಿದ ಚೆಂಡಿನಂತೆ ಅದು ಬೆರಳುಗಳಿಗೆ ಸಿಕ್ಕುತ್ತದೆ. ಇಕ್ಕೆಲದಿಂದಲೂ ಸಮವಾಗಿ, ಹಿಂದಕ್ಕೆ, ಆತುರವಿಲ್ಲದೆ ಅದುಮಬೇಕು. ಮೊದಲ ಮೂರು ದಿನ ಪಂಡಿತರಿಗೆ ಅದು ಸಿಕ್ಕಲೇ ಇಲ್ಲ. ನಾಲ್ಕನೆಯ ದಿನ ಧಾರೆಯು ಹರಿದು ಅವರ ಪಂಚೆಯ ಮೇಲೆಯೇ ಬಿದ್ದಿತು. ಅವರು ಮಗಳನ್ನು ಕೂಗಿ ತೋರಿಸಿದರು. ಮಗ್ಗುಲನ್ನು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಎಲುಬು ಒತ್ತಿ ಹುಣ್ಣಾಗುತ್ತದೆ. ಅದಕ್ಕಾಗಿ ರಾತ್ರಿ ಎರಡಕ್ಕೆ ಎಚ್ಚರಗೊಳಿಸುವ ಗಡಿಯಾರವನ್ನು ತಲೆದೆಸೆಯಲ್ಲಿ ಇರಿಸಿಕೊಂಡರು.

ಹೀಗೆ ಒಂದು ರಾತ್ರಿ ಮಗಳು ನೀರಿಗೆಂದು ಎದ್ದುಬಂದಳು. ಪಡಸಾಲೆಯ ಸಣ್ಣ ದೀಪದಲ್ಲಿ ತಂದೆಯು ನೆಲದ ಮೇಲೆ ಕುಳಿತು ನಾಯಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಎಲುಬಿನ ಕೆಳಗೆ ಮಡಿಸಿದ ಮೆತ್ತನೆಯ ಬಟ್ಟೆಯನ್ನು ಇಡುತ್ತಿದ್ದರು. ಆ ಬಟ್ಟೆಯು ತಾಯಿಯ ಹಳೆಯ ಸೀರೆಯ ತುಂಡು. 2014ರಲ್ಲಿ ಪಾರ್ಶ್ವವಾಯುವಿನಿಂದ ಬಿದ್ದ ತಾಯಿಯು ಅದೇ ಪಡಸಾಲೆಯ ಒಳಕೋಣೆಯಲ್ಲಿ ಹತ್ತು ತಿಂಗಳು ಮಲಗಿದ್ದಳು. ಹೊರಳಿಸಿದವಳು, ಒಗೆದವಳು, ಹುಣ್ಣನ್ನು ತೊಳೆದವಳು ಮಗಳು. ತಂದೆಯು ಪ್ರತಿದಿನವೂ ಬಾಗಿಲಲ್ಲಿ ನಿಂತು ಹೇಗಿದ್ದೀಯೆಂದು ಕೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕುಳಿತು ಸಹಸ್ರನಾಮವನ್ನು ಪಾರಾಯಣಮಾಡುತ್ತಿದ್ದರು, ಆಕೆಗೆ ಕೇಳುವಂತೆ ಗಟ್ಟಿಯಾಗಿ. ಅದಕ್ಕಿಂತ ಹೆಚ್ಚಿನದು ಗಂಡಸರ ಕೆಲಸವೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

"ಅಮ್ಮನನ್ನೂ ಹೀಗೆ ಹೊರಳಿಸಬಹುದಾಗಿತ್ತು," ಎಂದಳು ಮಗಳು. ಧ್ವನಿಯಲ್ಲಿ ಕೋಪವಿರಲಿಲ್ಲ.

ಪಂಡಿತರು ಬಟ್ಟೆಯನ್ನು ಸರಿಮಾಡುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನನಗೆ ಬರುತ್ತಿರಲಿಲ್ಲ," ಎಂದರು. ಮತ್ತೆ, "ಕಲಿಯಲೂ ಇಲ್ಲ," ಎಂದರು. ಮಗಳು ನೀರನ್ನು ಕುಡಿದು, ಲೋಟವನ್ನು ಕೆಳಗಿಟ್ಟು, ಗೂಡಿನ ಆಚೆಯ ಬದಿಯಲ್ಲಿ ಕುಳಿತಳು. ಇಬ್ಬರೂ ಬೆಳಗಿನವರೆಗೆ ಮಾತನಾಡಿದರೋ ಇಲ್ಲವೋ, ಅದು ಬೀದಿಯವರಿಗೆ ತಿಳಿದುಬಂದ ವಿಷಯವಲ್ಲ. ಆದರೆ ಆ ವರ್ಷದ ವೈದಿಕದ ದಿನ, ಬ್ರಾಹ್ಮಣರ ಎಲೆಗಳನ್ನು ತೆಗೆದು ನೆಲಕ್ಕೆ ಗೋಮಯವನ್ನು ಹಚ್ಚಿದವರು ಪಂಡಿತರು, ಮಗಳು ಬೇಡವೆನ್ನಲಿಲ್ಲ.

ಏಳನೆಯ ವಾರದಲ್ಲಿ ಕೆಂಚನ ಬಾಲವು ಹೆಸರು ಕೂಗಿದಾಗ ಒಂದಿಷ್ಟು ಅಲುಗಿತು. ಕಾಲುಗಳು ಪೂರ್ತಿಯಾಗಿ ಬಂದಿಲ್ಲ. ಸೈಕಲ್ ಅಂಗಡಿಯವನು ಮಾಡಿಕೊಟ್ಟ ಎರಡು ಚಕ್ರದ ಗಾಡಿಯೊಂದಿದೆ, ಅದನ್ನು ಕಟ್ಟಿದರೆ ಬೀದಿಯ ಕೊನೆಯ ಬೇವಿನ ಮರದವರೆಗೆ ಹೋಗಿಬರುತ್ತಾನೆ. ಮೂತ್ರವನ್ನು ಮಾತ್ರ ಈಗಲೂ ಒತ್ತಿಯೇ ಹೊರಡಿಸಬೇಕು. ರವಿವಾರಗಳಲ್ಲಿ ಮಗಳು ಎತ್ತಿ ಹಿಡಿಯುತ್ತಾಳೆ, ಪಂಡಿತರು ಅದುಮುತ್ತಾರೆ. ಧಾರೆಯು ನಿಂತ ಮೇಲೆ ಇನ್ನೂ ಸ್ವಲ್ಪ ಉಳಿದಿದೆಯೆಂದು ಆಕೆಯೂ, ಇಲ್ಲವೆಂದು ಅವರೂ ವಾದಿಸುವುದುಂಟು. ಹೆಚ್ಚಾಗಿ ಉಳಿದಿರುತ್ತದೆ.